ಸೋತ ಮನೆಯ ಮುಂದೆ ಗೆದ್ದವರ ಡೊಳ್ಳು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಮೊಮ್ಮಗ ಚನ್ನವೀರ ಫುಟ್ಬಾಲ್ ಪಂದ್ಯದಲ್ಲಿ ಸೋತ. ಅವನನ್ನು ಸೋಲಿಸಿದ ಹನ್ನೊಂದು ಹುಡುಗರು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತು, ನಮ್ಮ ಮನೆಯ ರೊಟ್ಟಿ ಉಂಡು, ಏಳು ಗಂಟೆಯ ರೈಲಿಗೆ ಹೋದರು. ಅವನು ಹುಟ್ಟಿದ ದಿನ ಬಿಟ್ಟರೆ ನಾನು ಇಷ್ಟು ಹಿಗ್ಗಿದ್ದೇ ಇಲ್ಲ. ಮುದುಕಿಗೆ ಬುದ್ಧಿ ಕೆಟ್ಟಿದೆ ಎಂದು ಅಣ್ಣಿಗೇರಿಯಲ್ಲಿ ನೀವು ನಗುತ್ತೀರಿ. ನಗಿರಿ, ಆದರೆ ಪೂರ್ತಿ ಓದಿ ನಗಿರಿ.

ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಗ ಶಿವಪ್ಪನಿಗೆ ಆದವಾನಿಯ ಹತ್ತಿ ಜಿನ್ನಿನಲ್ಲಿ ಕೆಲಸ ಸಿಕ್ಕಿತೆಂದು ನಾವು ಮುಂಬಯಿ ಇಲಾಖೆ ಬಿಟ್ಟು ಮದರಾಸು ಇಲಾಖೆಗೆ ಬಂದು ಒಂಬತ್ತು ವರ್ಷವಾಯಿತು. ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ಗುಣ ಹೇಳುವುದು ಅವನ ಕೆಲಸ. ನಾವು ಇಳಿದ ದಿನ ಬೀದಿಯ ತುಂಬ ಹತ್ತಿಯ ನಾರು ಹಾರುತ್ತಿತ್ತು. ಹಾಲಿನಲ್ಲೂ ನಾರು, ರೆಪ್ಪೆಯಲ್ಲೂ ನಾರು. ನಮ್ಮ ಪುಂಡಿಪಲ್ಯ ಇಲ್ಲಿ ಪುಂಟಿಕೂರ, ನಮ್ಮ ಚುರುಮುರಿ ಸೂಸಲ ಇಲ್ಲಿ ಉಗ್ಗಾನಿ, ಹೊಸ್ತಿಲಿಗೆ ಗಡಪ. ಮೊದಲ ವರ್ಷ ಸಂತೆಯಲ್ಲಿ ಬೆರಳು ತೋರಿಸಿಯೇ ಕಾಯಿಪಲ್ಯ ತಂದೆ. ಮಾರುವವಳು ನನ್ನನ್ನು ಮೂಗಿ ಎಂದೇ ತಿಳಿದಿದ್ದಳು. ಒಂದು ದಿನ ನಾನು ತೆಲುಗಿನಲ್ಲಿ ಜಗಳ ತೆಗೆದಾಗ ಆಕೆ ಖುಷಿಯಾಗಿ ಒಂದು ಹಿಡಿ ಮೆಣಸಿನಕಾಯಿ ಹೆಚ್ಚಿಗೆ ಹಾಕಿದಳು.

ಮನೆಯದೇ ದೊಡ್ಡ ಪಾಡು. ಹೊರಗಿನವರಿಗೆ ಯಾರೂ ಕೊಡಲಿಲ್ಲ. ಕಡೆಗೆ ಹತ್ತಿ ವ್ಯಾಪಾರಿ ಮಲ್ಲಪ್ಪಶೆಟ್ಟರು ನಮ್ಮ ಕೊರಳಿನ ಲಿಂಗ ನೋಡಿ, ತಮ್ಮ ಮಗ್ಗುಲ ಮನೆ ಬಾಡಿಗೆಗೆ ಕೊಟ್ಟರು. ಒಂದು ಕರಾರು ಹಾಕಿದರು: ಬೇರೆ ಜನ ಗಡಪ ದಾಟಿ ಒಳಗೆ ಉಣ್ಣಬಾರದು. ಒಂಬತ್ತು ವರ್ಷ ಆ ಮಾತು ಮುರಿಯಲಿಲ್ಲ. ಅಣ್ಣಿಗೇರಿಯಲ್ಲಿ ನಮ್ಮದೇ ಮನೆಯಿತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಆದರೆ ಖರೆ ಹೇಳುತ್ತೇನೆ, ಅಲ್ಲಿಯೂ ನಾನು ಬೇರೆಯವರನ್ನು ಒಳಗೆ ಕರೆದು ಉಣ್ಣಿಸಿದವಳಲ್ಲ.

ಚನ್ನವೀರ ಬಳ್ಳಾರಿಯ ಕಾಲೇಜಿನಲ್ಲಿ ಓದುತ್ತಾನೆ, ಅವರ ತಂಡದ ಗೋಲಿ. ಎರಡು ಕಂಬದ ನಡುವೆ ನಿಂತು ಚೆಂಡು ತಡೆಯುವವನನ್ನು ಹಾಗೆನ್ನುತ್ತಾರೆ. ಅನಂತಪುರದ ಕಾಲೇಜಿಗೂ ಇವರಿಗೂ ಹಾವು ಮುಂಗುಸಿ. ಹೋದ ವರ್ಷ ಪಂದ್ಯ ಮುಗಿದ ಮೇಲೆ ಕಲ್ಲು ತೂರಾಡಿದ್ದರು. ಈ ಸಲ ಎರಡೂ ಊರು ಬೇಡವೆಂದು ಆದವಾನಿಯಲ್ಲಿ ಆಡಿಸಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಕಡೆ ಕುಸ್ತಿ ಗೆದ್ದವನ ಮನೆಯ ಮುಂದೆ ಡೊಳ್ಳು ಬಡಿಯುತ್ತಾರಲ್ಲ, ಚೆಂಡಾಟಕ್ಕೂ ಅದೇ ರೀತಿ ಎಂದುಕೊಂಡೆ. ಹಾಲಹರವಿಯಿಂದ ಕುರಿ ಹೊಡೆದುಕೊಂಡು ಬರುವ ಬೀರಪ್ಪನಿಗೆ, ಸಂಜೆ ನಾಲ್ಕು ಡೊಳ್ಳು ತಂದು ನಮ್ಮ ಬಾಗಿಲಲ್ಲಿ ನಿಲ್ಲು ಎಂದು ಮೊದಲೇ ಹೇಳಿಬಿಟ್ಟೆ. ಮೊಮ್ಮಗ ಸೋತಾನು ಎಂಬುದು ತಲೆಗೇ ಬರಲಿಲ್ಲ.

ಮೈದಾನಕ್ಕೆ ನಾನೂ ಹೋದೆ. ಹತ್ತಿ ಬಂಡಿಯ ಮರೆಯಲ್ಲಿ ನಿಂತು ನೋಡಿದೆ. ಇನ್ನೇನು ಮುಗಿಯಿತು ಎನ್ನುವಾಗ ಆ ಕಡೆಯ ಖಾಸೀಮ ಎಂಬ ಹುಡುಗ ಒದ್ದ ಚೆಂಡು ನಮ್ಮವನ ಕೈ ತಾಕಿ ಒಳಗೆ ಹೋಯಿತು. ಚನ್ನವೀರ ಜಿಗಿದು ಬಿದ್ದ ರಭಸಕ್ಕೆ ಮೊಣಕೈಯ ಚರ್ಮ ಕಿತ್ತುಹೋಯಿತು. ಸೀಟಿ ಊದಿದರು. ಗೆದ್ದವರು ಕುಣಿಯುತ್ತಿದ್ದರೆ ಖಾಸೀಮ ಮಾತ್ರ ಓಡಿಬಂದು, ನೆಲದಲ್ಲಿ ಕೂತಿದ್ದ ನಮ್ಮವನನ್ನು ಎಬ್ಬಿಸಿ, ತನ್ನ ಕೊರಳಿನ ಕರವಸ್ತ್ರ ಬಿಚ್ಚಿ ಮೊಣಕೈಗೆ ಕಟ್ಟಿದ. ಕಟ್ಟುತ್ತ ಏನೋ ಅಂದ. ಚನ್ನವೀರ ನಕ್ಕ. ಸೋತವನು ನಕ್ಕ!

ನನ್ನ ಅಣ್ಣ ನಿಂಗಪ್ಪ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಅವನು ಕುಸ್ತಿ ಸೋತ ದಿನ ಗೆದ್ದವರು ಬೇಕೆಂದೇ ನಮ್ಮ ಓಣಿಯಲ್ಲಿ ಡೊಳ್ಳು ಬಡಿದುಕೊಂಡು ಬಂದರು. ಬಡಿದಾಟವಾಯಿತು. ಅಣ್ಣನ ತಲೆ ಒಡೆಯಿತು, ಆಮೇಲೆ ಅವನು ಮೊದಲಿನ ಅಣ್ಣನಾಗಲೇ ಇಲ್ಲ. ಎರಡು ಓಣಿಯವರು ಒಬ್ಬರಿಗೊಬ್ಬರು ಒಲೆಗೆ ಕೆಂಡ ಕೊಡುವುದನ್ನೂ ಬಿಟ್ಟರು. ಆ ಕರವಸ್ತ್ರ ನೋಡಿದಾಗ ನನಗೆ ಅದೆಲ್ಲ ನೆನಪಿಗೆ ಬಂತು.

ಮನೆಗೆ ಬಂದರೆ ಬೀರಪ್ಪನವರು ಡೊಳ್ಳು ಬಿಗಿದು ನಿಂತಿದ್ದಾರೆ. ಹಿಂದೆಯೇ ಚನ್ನವೀರ ಓಡಿಬಂದ.

"ಅಜ್ಜೀ, ಅನಂತಪುರದವ್ರಿಗೆ ಊಟಕ್ಕ ಹೇಳಿದ್ದ ಹೋಟ್ಲಿನವ ಬಾಗ್ಲ ಹಾಕ್ಯಾನ. ನಮ್ಮೂರ ಹುಡುಗನ್ನ ಸೋಲಿಸಿದವ್ರಿಗೆ ನೀರೂ ಇಲ್ಲ ಅಂದಾನ. ಮುಂಜಾನಿಂದ ಉಂಡಿಲ್ಲ. ಕರಕೊಂಡು ಬಂದೀನಿ, ಓಣಿ ತುದ್ಯಾಗ ನಿಂತಾರ."

"ಅಲ್ಲ್ಯಾಕ ನಿಂತಾರ?"

"ಡೊಳ್ಳು ನೋಡಿ. ಹೊಡ್ಯಾಕ ಜನ ಕೂಡ್ಸ್ಯಾರ ಅಂತ ಅಂಜ್ಯಾರ."

ಬೀರಪ್ಪ ತಲೆ ಕೆರೆದುಕೊಂಡ. "ಅವ್ವಾ, ಗೆದ್ದವ್ರು ಅವ್ರು. ನಾವೇನು ಬಡೀಬೇಕೋ, ಮನಿಗೆ ಹೋಗಬೇಕೋ?"

"ಗೆದ್ದವ್ರಿಗೇ ಬಡಿ. ಓಣಿ ತುದಿಗೆ ಹೋಗಿ, ಅವ್ರನ್ನ ಮುಂದ ಮಾಡ್ಕೊಂಡು, ನನ್ನ ಬಾಗ್ಲಿಗೇ ಬಡಕೊಂತ ಬಾ."

"ಸೋತ ಮನಿ ಮುಂದ?"

"ಸೋತ ಮನಿಯಾಕಿ ನಾನು. ನಾ ಹೇಳಾಕತ್ತೀನಿ, ಬಡಿ."

ಡೊಳ್ಳಿನ ಸಪ್ಪಳಕ್ಕೆ ಇಡೀ ಓಣಿ ಹೊರಬಂತು. ನಡುವೆ ಹನ್ನೊಂದು ಹುಡುಗರು ಕೋಳಿಮರಿಗಳ ಹಾಗೆ ಅಂಟಿಕೊಂಡು ಬಂದರು. ಮಲ್ಲಪ್ಪಶೆಟ್ಟರೂ ಬಂದು ನಮ್ಮ ಬಾಗಿಲಿಗೆ ಅಡ್ಡ ನಿಂತರು.

"ಏನ್ರೀ ನೀಲವ್ವ, ಯಾವ ಜನವೋ ಏನೋ. ಒಳಗ ಕುಂತು ಉಂಡ್ರ ನಾಳೆ ಮುಂಜಾನೆ ಮನಿ ಬಿಡಬೇಕಾಗ್ತೈತಿ."

ಖಾಸೀಮ ಮುಂದೆ ಬಂದ. "ದಾದೀ, ನಮ್ಮಪ್ಪ ಕೋಸಗಿ ಟೇಸನ್ಯಾಗ ಮೂಟಿ ಹೊರ್ತಾನ. ನಾವು ಕಟ್ಟಿ ಮ್ಯಾಲ ಕುಂತ್ರೂ ನಡೀತೈತಿ." ಅಜ್ಜಿಗೆ ಅವರು ದಾದಿ ಎನ್ನುತ್ತಾರೆ.

"ಕಟ್ಟಿ ಮ್ಯಾಲ ನಾಯಿಗೆ ಹಾಕ್ತೀನೋ. ನೀ ಒಳಗ ಬಾ." ಶೆಟ್ಟರ ಕಡೆ ತಿರುಗಿದೆ. "ಮನಿ ನಿಮ್ಮದು, ಹೌದು. ರೊಟ್ಟಿ ನಂದು. ಇವತ್ತ ಇವ್ರು ಉಣ್ತಾರ. ನಾಳಿನ ಮಾತು ನಾಳೆ. ಸ್ವಲ್ಪ ಸರಕೊಳ್ರಿ, ಹುಡುಗ್ರು ಹಸದಾರ."

ಶೆಟ್ಟರು ಸರಿದರು, ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೊಸೆ ಗೌರವ್ವ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಚನ್ನವೀರ ಒಂದೇ ಕೈಯಲ್ಲಿ ನೀರು ಹಂಚಿದ. ನಾನು ಪುಂಡಿಪಲ್ಯ, ಅಣ್ಣಿಗೇರಿಯಿಂದ ನೀವು ಕಳಿಸಿದ ಗುರೆಳ್ಳು ಚಟ್ನಿ ಬಡಿಸಿದೆ. ಒಬ್ಬ ತೆಲುಗಿನಲ್ಲಿ ಚನ್ನವೀರನನ್ನು ಕೆಣಕಿದ: "ಇಂಥ ರೊಟ್ಟಿ ತಿಂದೂ ಚೆಂಡು ಬಿಟ್ಟೆಯಲ್ಲೋ!" "ನಿಮಗ ಊಟ ಸಿಗ್ಲಿ ಅಂತ ಬಿಟ್ಟೆ," ಎಂದ ಇವನು. ಡೊಳ್ಳಿನವರೂ ಅದೇ ಸಾಲಿನ ತುದಿಗೆ ಕೂತರು. ಹೊರಡುವಾಗ ಹನ್ನೊಂದು ಜನವೂ ಕಾಲು ಮುಟ್ಟಿದರು. ಚನ್ನವೀರ ಕರವಸ್ತ್ರ ಬಿಚ್ಚಲು ಹೋದರೆ ಖಾಸೀಮ ಬೇಡವೆಂದ. "ಮುಂದಿನ ವರ್ಷ ನಮ್ಮನ್ನ ಸೋಲಿಸಿ ವಾಪಸ್ ಕೊಡ್ಲಿ."

ಶಿವಪ್ಪ ಜಿನ್ನಿನಿಂದ ಬಂದು ಎಲ್ಲ ಕೇಳಿ ತೊಲೆ ನೋಡುತ್ತ ಕೂತ. "ಎಲ್ಲಿಗೆ ಹೋಗೂದವ್ವಾ?"

"ಹತ್ತಿ ನಾರು ಹಾರೂವಷ್ಟು ದೂರ ಊರೈತಿ. ಇನ್ನೊಂದು ಗಡಪ ಸಿಗ್ತೈತಿ."

ತಿರುಗಿ ಬನ್ನಿ ಎಂದು ನೀವು ಬರೆಯುತ್ತೀರಿ. ಚಟ್ನಿಯ ವಾಸನೆ ಬಂದರೆ ನನಗೆ ಆ ಓಣಿಯೇ ಕಣ್ಣಿಗೆ ಬರುತ್ತದೆ. ಆದರೆ ಅಲ್ಲಿ ಅಣ್ಣನ ತಲೆ ಒಡೆಯಿತು, ಇಲ್ಲಿ ಮೊಮ್ಮಗನ ಕೈಗೆ ಕಟ್ಟು ಬಿತ್ತು. ಈಗ ಯಾವುದು ನನ್ನೂರು ಎಂದು ನೀವೇ ಹೇಳಿ. ನಾಳೆ ಗಂಟು ಕಟ್ಟಬೇಕಾದರೂ ನಾನು ಇದೇ ಊರಿನಲ್ಲಿ ಬಿಚ್ಚುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ನಾಲ್ಕೇ ರೊಟ್ಟಿ ಉಳಿದಿದ್ದವು. ಗಂಡಸರು ಉಂಡ ಮೇಲೆ ನಾವು ಉಣ್ಣುವ ಪದ್ಧತಿಗೆ ರೊಟ್ಟಿ ಸಾಲುವಂತಿರಲಿಲ್ಲ. ಗೌರವ್ವನ ಕೈ ಹಿಡಿದು ಕೂಡಿಸಿದೆ, ನಾನೂ ಕೂತೆ. ನಾಲ್ಕು ಜನ, ನಡುವೆ ಒಂದೇ ತಾಟು. ಕಟ್ಟು ಬಿಗಿಯಾಗಿ ಚನ್ನವೀರನ ಮೊಣಕೈ ಮಡಿಸಲು ಬರುತ್ತಿರಲಿಲ್ಲ. ಅವನ ರೊಟ್ಟಿಯನ್ನು ನಾನೇ ಮುರಿದು ಬಾಯಿಗಿಟ್ಟೆ.