ಗ್ಲಿಸರಿನ್ ಅಕ್ಕನ ಹೊಡೆದಾಟ

ಸಿನಿಮಾದವರು ಅವಳನ್ನು ಕರೆಯುತ್ತಿದ್ದದ್ದೇ ಗ್ಲಿಸರಿನ್ ಅಕ್ಕ ಎಂದು. ಒಂದು ಕಾಲದ ನಾಯಕಿ, ನಲವತ್ತು ದಾಟಿದ್ದೇ ತಡ, ಕಣ್ಣಿಗೆ ಗ್ಲಿಸರಿನ್ ಹಚ್ಚಿಕೊಂಡು ಆಸ್ಪತ್ರೆ ಬಾಗಿಲಲ್ಲಿ ಅಳುವ ತಾಯಿಯಾಗಿಬಿಟ್ಟಳು. ಬರಬರುತ್ತಾ ಅಳುವುದಕ್ಕೂ ಕರೆಯುವವರಿಲ್ಲದೆ ತಂಗಿಯ ಜೊತೆ ಮನೆಯಲ್ಲಿ ಕೂತಳು.

ಹಾಗಿರುವಾಗ ಹೊಸ ನಿರ್ದೇಶಕನೊಬ್ಬ ಮನೆಗೇ ಬಂದ.

"ಮೇಡಂ, ಒಂದು ಪಾತ್ರ ಇದೆ."

"ಯಾರು ಸಾಯ್ತಾರೆ?"

"ತುಂಬಾ ಜನ. ನೀವೇ ಸಾಯಿಸ್ತೀರ."

ಮೊಮ್ಮಗಳನ್ನು ಕದ್ದವರನ್ನು ಅಟ್ಟಾಡಿಸಿ ಬಡಿಯುವ ಅಜ್ಜಿಯ ಪಾತ್ರ. ಬಡಿಯುವುದು ಹಿಡಿಸಿತು, ಅಜ್ಜಿ ಹಿಡಿಸಲಿಲ್ಲ. ಒಳಗಿನಿಂದ ತಂಗಿ ಕೂಗಿದಳು: "ಒಪ್ಕೊಳ್ಳೇ ಅಕ್ಕ! ದಿನಾ ನನ್ನ ಮೇಲೆ ಹಾರಾಡೋದನ್ನ ಅಲ್ಲಿ ಹಾರಾಡು."

ಸಾಹಸ ಕಲಿಸುವ ಮಾಸ್ಟರ್ ಹಳೇ ಪರಿಚಯ. ಹಿಂದೆ ಖಳನ ಕಡೆಯವನಾಗಿ ಎಷ್ಟೋ ಸಿನಿಮಾಗಳಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಓಡಿದ್ದವನು. ಬೆವರು ನಾರುವ ಹಾಸಿಗೆ ಹಾಸಿದ್ದ ತಾಲೀಮಿನ ಶೆಡ್ಡಿನಲ್ಲಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಆಗ ಹಗುರ ಇದ್ರಿ" ಅಂದ. ಅನ್ನಬಾರದಿತ್ತು. ಅಂದಿನಿಂದ ಅವಳು ಹಟಕ್ಕೆ ಬಿದ್ದಳು.

ಆದರೆ ಕೈ ಮಾತು ಕೇಳಿದರೂ ಬಾಯಿ ಕೇಳಲಿಲ್ಲ. ಗುದ್ದಿದಾಗಲೆಲ್ಲ, "ಅಯ್ಯೋ, ನೋವಾಯ್ತೇನಪ್ಪಾ?"

"ಅಕ್ಕಾ, ಹೊಡೆದವರು ವಿಚಾರಿಸ್ಕೋಬಾರದು!" ಎಂದು ಮಾಸ್ಟರ್ ತಲೆ ಚಚ್ಚಿಕೊಂಡ.

ಮೈಯೆಲ್ಲ ಹಣ್ಣಾಯಿತು. ಭುಜ ಮೇಲೇಳದೆ ತಂಗಿಯೇ ತಲೆ ಬಾಚಬೇಕಾಯಿತು. ಬಿಟ್ಟುಬಿಡೋಣ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿನ ಹೊಡೆದಾಟದ ದಿನ ಬಂತು. ಮೇಕಪ್ ಕೋಣೆಗೆ ಹೋದರೆ, ಅವಳದೇ ಉಡುಪು, ಅವಳದೇ ನರೆಗೂದಲ ವಿಗ್ ತೊಟ್ಟು ಗಡ್ಡದವನೊಬ್ಬ ಕೂತಿದ್ದಾನೆ!

"ನಿಮ್ಮ ಡೂಪ್ ನಾನು, ಅಮ್ಮ."

"ಎದ್ದೇಳಪ್ಪ. ಈ ಗಡ್ಡ ನನ್ನ ಹೆಸರು ಹೇಳ್ಕೊಂಡು ಓಡಾಡೋದು ಬೇಡ."

ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು ತಾನೇ ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ಕಾಲು ಜಾರಿ ಮಂಡಿ ತರಚಿತು. ನಿರ್ದೇಶಕ "ಕಟ್" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಎದ್ದು, ಎದುರಿದ್ದ ದಾಂಡಿಗನನ್ನು ಕೆಳಗೆ ಹಾಸಿದ್ದ ಹಾಸಿಗೆಗೆ ಒದ್ದು ಉರುಳಿಸಿದಳು. ಆ ಜಾರುವಿಕೆಯೂ ಸಿನಿಮಾದಲ್ಲಿ ಹಾಗೇ ಉಳಿಯಿತು.

ಬಿಡುಗಡೆಯ ದಿನ ಅಕ್ಕ ತಂಗಿ ಮುಖ ಮರೆಸಿಕೊಂಡು ಥಿಯೇಟರಿನ ಹಿಂದಿನ ಸಾಲಿನಲ್ಲಿ ಕೂತರು. ಆ ಒದೆತಕ್ಕೆ ಬಿದ್ದಂಥ ಶಿಳ್ಳೆ ನಾಯಕಿಯಾಗಿದ್ದಾಗಲೂ ಬಿದ್ದಿರಲಿಲ್ಲ. ಅವಳು ಮುಖದ ಮೇಲಿನ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ತಂಗಿಯೋ ಸೀಟಿನ ಮೇಲೆ ನಿಂತು, "ಇನ್ನೊಂದು ಬಿಡೇ!" ಎಂದು ಕಿರುಚಿ ಮುಂದಿನ ಸಾಲಿನವರಿಂದ ಬೈಸಿಕೊಂಡಳು.

ವಾರ ಕಳೆಯುವುದರೊಳಗೆ ಇನ್ನೊಬ್ಬ ನಿರ್ಮಾಪಕನ ಫೋನ್ ಬಂತು.

"ಬೈಕ್ ಓಡಿಸೋಕೆ ಬರುತ್ತಾ ಮೇಡಂ?"

"ಅದೇನು ಮಹಾ!" ಅಂದಳು. ಫೋನ್ ಇಟ್ಟವಳೇ ಪಕ್ಕದ ಮನೆಯ ಬಾಗಿಲು ತಟ್ಟಿ, "ನಿಮ್ಮ ಬೈಕಲ್ಲಿ ಬ್ರೇಕ್ ಯಾವ ಕಡೆ ಇರುತ್ತೆ?" ಎಂದು ಕೇಳಿದಳು.