ಮೀನಿಗೆ ಹತ್ತಿದ ಉಣ್ಣೆ

ಭರಮಸಾಗರದ ಕೆರೆಯ ಮೀನುಗಳೆಲ್ಲ ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತವೆ. ನಂಬದಿದ್ದರೆ ಬಿಡಿ. ಅಂಥ ನಾನು, ದುರ್ಗಕ್ಕೆ ಬಂದಿದ್ದ ದೊಡ್ಡ ಮೀನಿನ ಪ್ರದರ್ಶನಕ್ಕೆ ಹೋಗಿದ್ದೆ. ತಲೆಯ ಮೇಲೂ ಗಾಜು, ಅದರಾಚೆ ನೀರು. ಒಂದು ಕೆಂಪು ಮೀನು ಕಲ್ಲಿಗೆ ಮೈ ಉಜ್ಜಿ ಉಜ್ಜಿ ತಿರುಗುತ್ತಿತ್ತು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

"ನಿಮ್ಮನ್ನ ನೋಡಿ ಡ್ಯಾನ್ಸ್ ಮಾಡ್ತೈತೆ, ಯಜಮಾನ್ರೆ," ಎಂದಳು ಮೀನು ನೋಡಿಕೊಳ್ಳುವ ಹೆಣ್ಣುಮಗಳು.

"ಡ್ಯಾನ್ಸ್ ಅಲ್ಲಮ್ಮ, ತುರಿಕೆ. ನಮ್ಮ ಕುರಿಗೆ ಉಣ್ಣೆ ಹತ್ತಿದ್ರೆ ಹಿಂಗೇ ಕಂಬಕ್ಕೆ ಉಜ್ಕೊಳ್ತೈತೆ."

"ಮೀನಿಗೆ ಉಣ್ಣೆನಾ? ಕಂಬಳಿ ನೇಯ್ತೀರೇನು?" ಅವಳಿಗೆ ನಗು ತಡೆಯಲಾಗಲಿಲ್ಲ.

"ಆ ಉಣ್ಣೆ ಅಲ್ಲ ತಾಯಿ, ರಕ್ತ ಕುಡಿಯೋ ಉಣ್ಣೆ. ಹಂಗೇ ಬಿಟ್ರೆ ಸತ್ತೋಗ್ತೈತೆ, ಹಿಡಿದು ನೋಡ್ರಿ."

ನನ್ನ ಕಾಟ ತಾಳಲಾರದೆ ಬಲೆ ಹಾಕಿ ಹಿಡಿದಳು. ಈಜುರೆಕ್ಕೆಯ ಬುಡದಲ್ಲಿ ಎಳ್ಳಿನಂಥ ಹುಳುಗಳು ಕಚ್ಚಿಕೊಂಡಿದ್ದವು. ಅವಳ ನಗು ನಿಂತಿತು. ಮೀನನ್ನು ಬೇರೆ ಟಬ್ಬಿಗೆ ಬಿಟ್ಟು, ಡಾಕ್ಟರಿಗೆ ಫೋನ್ ಮಾಡಿ, ನನ್ನ ಕಡೆ ತಿರುಗಿದಳು.

"ಮೀನಿನ ಬಗ್ಗೆ ಇಷ್ಟು ಗೊತ್ತೈತಲ್ಲ, ಎಷ್ಟು ವರ್ಷದಿಂದ ಸಾಕ್ತೀರಿ?"

ಇಪ್ಪತ್ತು ಅನ್ನಲು ಬಾಯಿ ತೆರೆದೆ. ಯಾಕೋ ನಿಜವೇ ಬಂತು: "ಸಾಕಿಲ್ಲಮ್ಮ. ಇಲ್ಲೀತನಕ ಸಾರಿನಾಗೆ ಅಷ್ಟೇ ಭೇಟಿ."

ಆ ಮೀನಿಗೆ ಕೇಳಿಸಿತೋ ಏನೋ, ನಮಸ್ಕಾರವನ್ನೂ ಮಾಡದೆ ಟಬ್ಬಿನ ಆಚೆ ಬದಿಗೆ ಸರಿಯಿತು.