ಹಿಪ್ಪರಗಿಯಲ್ಲಿ ಸ್ಪೇನಿನ ಅನ್ನ

ಪೆದ್ದ ನಾನೇ, ಮೊದಲೇ ಒಪ್ಪಿಬಿಡುತ್ತೇನೆ. ಮೊಬೈಲಿನಲ್ಲಿ ಸ್ಪೇನಿನ ಬಾಣಸಿಗನೊಬ್ಬನನ್ನು ನೋಡಿ ಪಯೇಯಾ, ಅಂದರೆ ಕೇಸರಿ ಹಾಕಿದ ಸೀಗಡಿ ಅನ್ನ, ಕಲಿಯಲು ಹೊರಟವನು ಅನ್ನಕ್ಕಿಂತ ಮೊದಲು ಅವನ ದನಿಯನ್ನೇ ಕಲಿತಿದ್ದೆ. ಹಿಪ್ಪರಗಿ ಬ್ಯಾರೇಜಿನ ಬಳಿ ಖಾನಾವಳಿ ನಡೆಸುವ ಶಾಂತವ್ವ ಒಲೆ ಬಿಟ್ಟುಕೊಟ್ಟಳು. ಆಗಷ್ಟೇ ಹೊಳೆಯಿಂದ ಬಂದ ಒಂದೇ ಬುಟ್ಟಿ ಸೀಗಡಿ ಅವಳ ಮುಂದಿತ್ತು.

ಸ್ಪೇನಿನವನ ಗತ್ತಿನಲ್ಲಿ ಹುಬ್ಬೇರಿಸಿ, "ಇವು ತಾಜಾ ಅದಾವೇನು?" ಎಂದೆ.

"ಮೀಸಿ ಅಲ್ಲಾಡಸಾಕತ್ತಾವ, ಕಾಣವಲ್ತೇನ್ರಿ?" ಎಂದು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. "ಮೊದಲ ನಿಮ್ಮ ಡಬ್ಬಿ ತೆಗೀರಿ. ಏನ್ ಹಾಕ್ತೀರಿ ಅಂತ ನೋಡಲಾರದ ಸೀಗಡಿ ಕೊಡಾಂಗಿಲ್ಲ."

ಮುಧೋಳದ ಸಂತೆಯಲ್ಲಿ ಕಾಶ್ಮೀರದ್ದೆಂದು ನಂಬಿ ಕೊಂಡ ಕೇಸರಿಯ ಡಬ್ಬಿ ತೆರೆದೆ. ಶಾಂತವ್ವ ಒಂದು ಎಸಳನ್ನು ತಿಕ್ಕಿ ಮೂಸಿ, ಹಿಂದಿನ ಹೊಲದತ್ತ ಬೆರಳು ಮಾಡಿದಳು. ಅಲ್ಲಿ ಕುಸುಬಿ ಹೂಬಿಟ್ಟಿತ್ತು. ಅದೇ ಬಣ್ಣ, ಅದೇ ಎಸಳು.

ಸ್ಪೇನಿನ ದನಿ ಬಿಟ್ಟು ಊರ ದನಿಗೆ ಇಳಿದೆ. "ಬಣ್ಣ ಬಂದ್ರ ಆತಲ್ಲ ಯವ್ವಾ, ಸೀಗಡಿ ಕೊಡು" ಎಂದು ಗೋಗರೆದೆ.

ಅವಳು ಬುಟ್ಟಿ ಎತ್ತಿಕೊಂಡು ಎದ್ದಳು.

"ಜೀವಂತ ಸೀಗಡಿ ಮ್ಯಾಲ ಅನುಮಾನ ಪಟ್ಟಿ. ಈ ಡಬ್ಬಿ ಕೊಳ್ಳೂಮುಂದ ಆ ಅನುಮಾನ ಎಲ್ಲಿ ಇಟ್ಟಿದ್ದಿ, ತಮ್ಮಾ?"